ರಕ್ತ ಬಾರದ ಕೈ

ವೈದ್ಯಕೀಯ ಕಾಲೇಜಿನ ಶವಛೇದನ ಕೋಣೆಗೆ ಹೊಸ ಚಾಕುವೊಂದು ಬಂತು. ಅದಕ್ಕೆ ಹರಿತವೇನೋ ಬೇಕಾದಷ್ಟಿತ್ತು, ತಾಳ್ಮೆ ಮಾತ್ರ ಎಳ್ಳಷ್ಟೂ ಇರಲಿಲ್ಲ. ಮೊದಲ ದಿನವೇ, ದೇಹದಾನ ಮಾಡಿದ್ದ ಅಜ್ಜಿಯೊಬ್ಬಳ ಮುಂಗೈಯ ಚರ್ಮ ಬಿಡಿಸುತ್ತಿದ್ದಾಗ, ದಾರದಂಥದ್ದೇನೋ ಅಡ್ಡ ಬಂತು. ಚಾಕು ಗಕ್ಕನೆ ನಿಂತಿತು.

"ಇದೇನು?" ಎಂದು ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕೈಯನ್ನು ಕೇಳಿತು. ಪಾಠಕ್ಕೆಂದು ಮಾಡಿದ ಆ ಕೈಯಲ್ಲಿ ರಕ್ತನಾಳಕ್ಕೆ ಕೆಂಪು, ನರಕ್ಕೆ ಹಳದಿ ಬಳಿದಿತ್ತು.

"ನನ್ನಲ್ಲಿ ಆ ಜಾಗದಲ್ಲಿ ಏನೂ ಇಲ್ಲ. ನನ್ನಲ್ಲಿ ಇಲ್ಲದ್ದು ಯಾರಲ್ಲೂ ಇರಕೂಡದು. ಕತ್ತರಿಸು," ಎಂದಿತು ಪ್ಲಾಸ್ಟಿಕ್ ಕೈ.

"ತಾಳು ಮಗಾ," ಎಂದಳು ಅಜ್ಜಿ. "ಅದು ರಕ್ತನಾಳ. ಎಲ್ಲರಿಗೂ ಆಳದಲ್ಲಿರುತ್ತದೆ, ನನಗೆ ಚರ್ಮದಡಿಗೇ ಬಂದಿದೆ. ನಿನ್ನ ಹಿಡಿಯ ಮೊಂಡು ತುದಿಯಿಂದ ಮೆಲ್ಲಗೆ ಸರಿಸಿ, ಎಲ್ಲಿಗೆ ಹೋಗುತ್ತದೋ ನೋಡು."

ಚಾಕು ಅಳುಕಿತು. ಮುಂದೆ ಹೋಗಲೂ ಆಗದು, ಹಿಂದೆ ಸರಿಯಲೂ ಆಗದು.

"ಏನು, ಹೆದರಿಕೆಯೇ?" ಎಂದಿತು ಪ್ಲಾಸ್ಟಿಕ್ ಕೈ.

ಆ ಮಾತು ಚಾಕುವಿಗೆ ನಾಟಿತು. ಹರಿತವಾದವನು ಹಿಂಜರಿದರೆ ಮಾನ ಉಳಿದೀತೇ? ಕಣ್ಣು ಮುಚ್ಚಿ ಎಳೆದೇಬಿಟ್ಟಿತು. ದಾರ ತುಂಡಾಯಿತು.

"ನೋಡಿದೆಯಾ? ಒಂದು ಹನಿ ರಕ್ತವಾದರೂ ಬಂತೇ?" ಎಂದಿತು ಪ್ಲಾಸ್ಟಿಕ್ ಕೈ.

ಚಾಕು ಕಣ್ಣು ತೆರೆಯಿತು. ತುಂಡಾದ ತುದಿಯಲ್ಲಿ ಕೊಳವೆಯ ಬಾಯಿ ಅದಕ್ಕೆ ಕಾಣಿಸಿತು.

"ನನಗೆ ರಕ್ತ ಬರುವುದಿಲ್ಲ ಮಗಾ," ಎಂದಳು ಅಜ್ಜಿ. "ಅದಕ್ಕೇ ನಿನ್ನ ಮುಂದೆ ಮೊದಲು ನಾನು ಮಲಗಿದ್ದು. ನಾಳೆ ಉಸಿರಾಡುತ್ತ ಮಲಗುವವರಿಗೆ ಬರುತ್ತದೆ."