ಒದ್ದೆ ಬಟ್ಟೆ ತುರುಕಿದ ಕಿಂಡಿ

ಚೆಲುವಿಯ ಅವ್ವ ತೀರಿಕೊಂಡ ಮೇಲೆ ಬಂದ ಮೊದಲ ಹಿರಿಯರ ಹಬ್ಬ. ಅವ್ವನಿಗೆ ಹೊಗೆಯಲ್ಲಿ ಬೆಂದ ಹಂದಿ ಪಕ್ಕೆಲುಬು ಎಂದರೆ ಪ್ರಾಣ. ಮೂಳೆಗಳನ್ನು ಚೀಪಿ, ಎಲೆಯ ಅಂಚಿಗೆ ಬೇಲಿ ಗೂಟದಂತೆ ಸಾಲಾಗಿ ಜೋಡಿಸುತ್ತಿದ್ದಳು. ಮೊದಲ ವರ್ಷದ ಎಡೆ ಮುಟ್ಟದೆ ಹೋದ ಹಿರಿಯರು ವರ್ಷವಿಡೀ ಹೊಸಿಲಾಚೆ ಹಸಿದು ನಿಲ್ಲುತ್ತಾರೆ ಎಂದು ಅವರ ಕಡೆಯವರ ನಂಬಿಕೆ. ಆದರೆ ಹೊಗೆ ಹಾಕುವುದನ್ನು ಚೆಲುವಿ ಕಲಿತೇ ಇರಲಿಲ್ಲ.

ಬೆಳಿಗ್ಗೆಯೇ ಚಿಕ್ಕಮ್ಮನಿಗೆ ಫೋನ್ ಮಾಡಿದಳು.

"ಎಣ್ಣೆ ಡಬ್ಬ ಐತಾ? ತಳಕ್ಕೆ ಕೆಂಡ ಹಾಕಿ ಸೀಬೆ ಸೌದೆ ಇಡು. ಉಪ್ಪು ಖಾರ ಸವರಿ ಪಕ್ಕೆನ ಮೇಲೆ ತಂತಿಗೆ ನೇತುಹಾಕು. ಮೊದಲು ಅರ್ಧ ಹಾಕು, ಹೊಸಬಳು ನೀನು. ಮುಚ್ಚಳಕ್ಕೆ ಕಿಂಡಿ ಬಿಡು. ಹೊಗೆ ಮಾಂಸ ಸವರ್ಕಂಡು ಹೊರಗೆ ಹೋಗ್ಬೇಕು ಕಣವ್ವ. ಒಳಗೇ ನಿಂತ್ರೆ ಮಸಿ ಕೂತು ಕಹಿಯಾಯ್ತದೆ. ಅಂಗಳದಲ್ಲೇ ಮಾಡು."

ಅಂಗಳದ ಆಚೆ ಮನೆಯೊಡತಿ ಇದ್ದಳು. ಮಾಂಸ ಬೇಯಿಸುವವರಿಗೆ ಮನೆ ಕೊಡುವುದಿಲ್ಲ ಎಂದಿದ್ದವಳು. "ನಾವು ತಿನ್ನಲ್ಲಮ್ಮ" ಎಂದು ಸುಳ್ಳು ಹೇಳಿ ಚೆಲುವಿ ಒಳಗೆ ಬಂದಿದ್ದಳು. ಆ ಸುಳ್ಳನ್ನು ಅವಳಿಗೆ ಕಲಿಸಿದವರು ಯಾರು? ಬೀಗದ ಕೈ ಹಿಡಿದವರೇ.

ಡಬ್ಬ ಅಡಿಗೆಮನೆಗೆ ಬಂತು. ಹೊಗೆ ಎದ್ದಿತು. ಗೋಡೆಯಾಚೆಯಿಂದ ಮನೆಯೊಡತಿ ಕೂಗಿದಳು. "ಚೆಲುವೀ, ಏನೇ ಅದು ವಾಸನೆ?"

"ಸೊಳ್ಳೆಗೆ ಧೂಪ ಹಾಕಿದೀನಮ್ಮ!"

"ಸೊಳ್ಳೆಗೆ ಇಷ್ಟೊಂದು ಮರ್ಯಾದೆನಾ?"

ಚೆಲುವಿ ಹೆದರಿದಳು. ಕಿಂಡಿಗೆ ಒದ್ದೆ ಬಟ್ಟೆ ತುರುಕಿದಳು. ಕಿಟಕಿ ಮುಚ್ಚಿದಳು. ಬಾಗಿಲ ಸಂದಿಗೆ ಗೋಣಿಚೀಲ ಒತ್ತಿದಳು.

ಮಧ್ಯಾಹ್ನದ ಹೊತ್ತಿಗೆ ಮಾಂಸ ಕಪ್ಪಗೆ ಮಿರುಗುತ್ತಿತ್ತು. ಒಳ್ಳೆ ಬಣ್ಣ ಬಂತು ಎಂದುಕೊಂಡು ಅಲ್ಲೇ ಎಲೆ ಹಾಸಿ ಎಡೆ ಇಟ್ಟಳು. ಹಿರಿಯರು ಉಣ್ಣಲೆಂದು, ಪದ್ಧತಿಯಂತೆ, ಬಾಗಿಲೆಳೆದುಕೊಂಡು ಹೊರಗೆ ನಿಂತಳು.

ಒಳಗೆ ಯಾರೋ ಕೆಮ್ಮಿದರು.

ಅವ್ವನ ಕೆಮ್ಮು. ಆಮೇಲೆ ಯಾವುದೋ ಮುದುಕನದು. ಆಮೇಲೆ ಒಂದು ಮಗುವಿನದು. ಮನೆ ತುಂಬಾ ಕೆಮ್ಮು. ಕಿಟಕಿಯ ಗಾಜನ್ನು ಯಾರೋ ಪರಪರ ಕೆರೆದರು. ಮತ್ತೆ ಸದ್ದಿಲ್ಲ.

ಬಾಗಿಲು ತೆಗೆದಳು. ಎಡೆ ಇಟ್ಟ ಹಾಗೇ ಇತ್ತು. ಒಂದು ಚೂರು ಬಾಯಿಗಿಟ್ಟರೆ ಬೇವಿಗಿಂತ ಕಹಿ. ಕಿಟಕಿಯ ಗಾಜಿಗೆ ಮಸಿ ಕಟ್ಟಿತ್ತು. ಆ ಮಸಿಯ ಮೇಲೆ, ಒಳಗಡೆಯಿಂದ, ಬೆರಳಿನ ಗುರುತುಗಳು. ಎಷ್ಟೋ ಕೈಗಳು. ಒಂದರ ಕಿರುಬೆರಳು ಸೊಟ್ಟಗಿತ್ತು, ಅವ್ವನದರ ಹಾಗೆ.

ಚೆಲುವಿ ಗೋಣಿಚೀಲ ಕಿತ್ತೆಸೆದಳು. ಕಿಟಕಿ ತೆರೆದಳು. ಡಬ್ಬ ತಿಕ್ಕಿ, ಅಂಗಳದ ನಟ್ಟನಡುವೆ ಇಟ್ಟು, ಉಳಿದರ್ಧ ಮಾಂಸ ನೇತುಹಾಕಿದಳು. ಕಿಂಡಿಯನ್ನು ತೆರೆದೇ ಬಿಟ್ಟಳು.

"ಏನೇ ಇದು?" ಮನೆಯೊಡತಿ ಓಡಿಬಂದಳು.

"ಹಂದಿ ಪಕ್ಕೆ ಕಣಮ್ಮ. ನಮ್ಮವ್ವನಿಗೆ."

"ಥೂ! ನಾಳೆಯೇ ಮನೆ ಖಾಲಿ ಮಾಡು!"

"ಮಾಡ್ತೀನಿ. ಇವತ್ತು ಅವ್ವ ಉಣ್ಣಲಿ."

ತೆಳ್ಳನೆಯ ನೀಲಿ ಹೊಗೆ ಮನೆಯೊಡತಿಯ ಮಾಳಿಗೆ ದಾಟಿ, ಬೀದಿಗೆಲ್ಲ ಹೇಳಿಕೊಂಡು ಹೋಯಿತು.

ಹೊತ್ತು ಮುಳುಗುವಾಗ ಮತ್ತೆ ಎಡೆ ಇಟ್ಟು ಬಾಗಿಲೆಳೆದಳು. ಕೆಮ್ಮಿಲ್ಲ. ಮೂಳೆ ಚೀಪುವ ಸದ್ದು ಮಾತ್ರ. ಅದು ನಿಂತ ಮೇಲೆ ಒಳಗೆ ಹೋದಳು. ಎಲೆಯ ಅಂಚಿನಲ್ಲಿ ಮೂಳೆಗಳು ಬೇಲಿ ಗೂಟದಂತೆ ಸಾಲಾಗಿದ್ದವು. ಎಂಜಲು ಇನ್ನೂ ಆರಿರಲಿಲ್ಲ.

ನೀತಿ: ಬೇರೆಯವರ ಮೂಗಿಗೆ ಹೆದರಿ ನಿಮ್ಮ ಒಲೆಯ ಹೊಗೆಯನ್ನು ಮುಚ್ಚಿಡಬೇಡಿ. ಅದರಿಂದ ಉಸಿರು ಕಟ್ಟುವುದು ಅವರಿಗಲ್ಲ, ನಿಮ್ಮವರಿಗೆ.