ನಾಲಬಂದ ದಾವಲಸಾಬ ಕಿತ್ತ ಹಲ್ಲು

ಬಹಳ ಹಿಂದೆ, ತೊರೆಹಾಳವೆಂಬ ಒಂದೂರಲ್ಲಿ, ಎತ್ತಿನ ಗೊರಸಿಗೆ ನಾಲ ಬಡಿಯುವ ದಾವಲಸಾಬನಿದ್ದ. ಅವನನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವವನು ತಾನೊಬ್ಬನೇ ಎಂದು ಊರಕಟ್ಟೆಯ ಮೇಲೆ ಕತೆ ಹೇಳುವ ಮುದುಕ ಬರಮಪ್ಪಜ್ಜ ಎದೆ ತಟ್ಟಿ ಹೇಳುತ್ತಾನೆ. ಅಲ್ಲವೆನ್ನಲು ಅವನ ಓರಗೆಯವರು ಕಟ್ಟೆಯ ಮೇಲೆ ಯಾರೂ ಇಲ್ಲ.

ದಾವಲಸಾಬ ನಾಲ ಬಡಿದರೆ ಎತ್ತು ಮುದಿಯಾದರೂ ನಾಲ ಸವೆಯುತ್ತಿರಲಿಲ್ಲವಂತೆ. ಅದೇ ಇಕ್ಕಳದಲ್ಲಿ ಮನುಷ್ಯರ ಹಲ್ಲೂ ಕೀಳುತ್ತಿದ್ದನಂತೆ. ಆದರೆ ನೆಟ್ಟಗೆ ನಿಂತ ಹಲ್ಲಿಗೆ ಕೈ ಹಚ್ಚಿದವನಲ್ಲ.

ಒಂದು ಮದುವೆ. ಹಂದರ ಹಾಕಿದೆ, ಅಕ್ಕಿಕಾಳು ಬೀಳುವುದೊಂದೇ ಬಾಕಿ. ಅಷ್ಟರಲ್ಲಿ ಗಂಡಿನದೂ ಹೆಣ್ಣಿನದೂ ಒಂದೇ ಬೆಡಗು, ಅಂದರೆ ಒಂದೇ ಗೋತ್ರ ಎಂದು ಯಾರೋ ಗುಲ್ಲೆಬ್ಬಿಸಿದರು. ಒಂದೇ ಬೆಡಗಾದರೆ ಅಣ್ಣ ತಂಗಿ, ಮದುವೆ ಮುರಿದಂತೆಯೇ. ಊರೂರು ತಿರುಗಿ ವಂಶಾವಳಿ ಹೇಳುವುದೇ ಹೆಳವರ ಕಸುಬು; ಈ ಎರಡೂ ಮನೆಯದನ್ನು ಬಲ್ಲವನು ಹೆಳವರ ಬಾಳಪ್ಪ ಒಬ್ಬನೇ. ಎತ್ತು ಹತ್ತಿ ಬಂದ, ಬಂದರೇನು? ಕೆನ್ನೆ ಬದನೆಕಾಯಿಯ ಹಾಗೆ ಊದಿದೆ, ಮೈ ಸುಡುತ್ತಿದೆ, ದವಡೆ ಕಚ್ಚಿಕೊಂಡು ಬಾಯಿ ಒಂದು ಬೆರಳಿನಷ್ಟೂ ತೆರೆಯದು. ಹೆಣ್ಣಿನ ತಾಯಿ ಹಂದರದ ಕಂಬ ಹಿಡಿದು ಕೂತುಬಿಟ್ಟಳಂತೆ.

ಕರೆ ಬಂತೆಂದು ಇಕ್ಕಳ ಹಿಡಿದು ಬಂದ ದಾವಲಸಾಬ ಬಿಸಿ ಉಪ್ಪುನೀರು ಕೊಟ್ಟ. ಹಲ್ಲಿನ ಸಂದಿಗೆ ಬಿದಿರಿನ ಚಕ್ಕೆ ಒಂದೊಂದಾಗಿ ತೂರಿಸಿ ಬಾಯಿ ಬಿಡಿಸಿದ. ಕಿರುಬೆರಳು ಹಾಕಿ ಮುಟ್ಟಿ ನೋಡಿದ.

"ಬುದ್ಧಿಹಲ್ಲು. ಜಾಗ ಸಾಲದ್ದಕ್ಕ ಅಡ್ಡ ಮಲಗೈತಿ, ಮುಂದಿನ ಹಲ್ಲು ಒದೀತೈತಿ. ವಸಡಿನ ಕೆಳಗ ತಿಂದದ್ದೆಲ್ಲ ಕೊಳೆತು ಕೀವಾಗೈತಿ. ಬಿಟ್ಟರ ಮಗ್ಗಲದ್ದೂ ಹೋಗತೈತಿ."

ಬಾಳಪ್ಪ ತಲೆ ಮುಟ್ಟಿ ತೋರಿಸಿ, ಬೇಡವೆಂದು ಕೈಯಾಡಿಸಿದ. ಹಲ್ಲಿನ ಜೊತೆ ನೆನಪೂ ಕಿತ್ತು ಬಂದರೆ ಹೆಳವ ಬದುಕುವುದು ಹೇಗೆ?

"ವಂಶಾವಳಿ ತಲಿಯಾಗ ಐತೋ ಬಾಳಪ್ಪಾ, ವಸಡಿನ್ಯಾಗಲ್ಲ!"

ಇಕ್ಕಳ ಹಾಕಿ ತಿರುವಿದ ರಭಸಕ್ಕೆ ಹಲ್ಲು ಹಂದರ ಹಾರಿ, ಹನುಮಪ್ಪನ ಗುಡಿಯ ಜಾಗಟೆಗೆ ಬಡಿಯಿತಂತೆ. ಢಣ್! ಮುಹೂರ್ತವಾಯಿತೆಂದು ವಾಲಗದವರು ಊದೇಬಿಟ್ಟರಂತೆ. ಬಾಳಪ್ಪ ರಕ್ತ ಉಗುಳಿದ, ಬಾಯಿ ತೊಳೆದ, ಒಂದೇ ಉಸಿರಿಗೆ ಹದಿನಾಲ್ಕು ತಲೆಮಾರು ಹೇಳಿದ. ಒಂದು ಹೆಸರೂ ತಪ್ಪಲಿಲ್ಲ. ಬೆಡಗು ಬೇರೆ ಬೇರೆ! ಕಂಬ ಹಿಡಿದಿದ್ದ ತಾಯಿಯೇ ಮೊದಲ ಅಕ್ಕಿಕಾಳು ಎರಚಿದಳಂತೆ. ಸುತ್ತಲಿನ ನೂರು ಹಳ್ಳಿಯಲ್ಲಿ ದಾವಲಸಾಬನಂಥ ಕೈ ಮತ್ತೆ ಹುಟ್ಟಿಲ್ಲ.

ಇವತ್ತಿಗೂ ತೊರೆಹಾಳದಲ್ಲಿ ದವಡೆ ಊದಿದವರು ಮೊದಲು ದಾವಲಸಾಬನ ಗೋರಿಗೆ ಒಂದು ಹಳೆ ನಾಲ ಇಟ್ಟು, ಆಮೇಲೆ ಪೇಟೆಯ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಾರೆ.

"ಯಜ್ಜಾ," ಎಂದಳು ಅಜ್ಜನ ಸೊಸೆ ಮಲ್ಲವ್ವನ ತಂಗಿ, ಕೇಳುತ್ತ ಕೂತಿದ್ದವಳು, "ಹ್ವಾದ ಸಲ ಹಲ್ಲು ಡೊಳ್ಳಿಗೆ ಬಡೀತು ಅಂದಿದ್ದಿ!"

ಬರಮಪ್ಪಜ್ಜ ಹೆಗಲ ಮೇಲಿನ ಟವೆಲ್ಲು ಕೊಡವಿದ.

"ಹಲ್ಲಿಗೆ ಬೇರು ಎರಡಿದ್ದುವು ಬಿಡವಾ. ಒಂದು ಅದಕ್ಕ ಬಡೀತು, ಒಂದು ಇದಕ್ಕ."