ಮೇಸ್ತ್ರಿಯ ದಪ್ಪ ಅಕ್ಷರಗಳು

ಎಣ್ಣೆ ಗಿರಣಿಯೊಂದರಲ್ಲಿ ತಿಪ್ಪೇರುದ್ರಪ್ಪ ಅಂತ ಒಬ್ಬ ಮೇಸ್ತ್ರಿ ಇದ್ದ. ಕೆಟ್ಟವನಲ್ಲ, ಪಾಪ. ಕೆಲಸದವರಿಗೆ ಎಲ್ಲಿ ಏನಾಗಿಬಿಡುತ್ತದೋ ಅನ್ನುವ ದಿಗಿಲು ಅವನಿಗೆ ಸದಾ ಇರುತ್ತಿತ್ತು.

ಶೇಂಗಾ ಒಡೆಯುವ ಯಂತ್ರಕ್ಕೆ ಒಂದು ಉದ್ದನೆಯ ಬೆಲ್ಟು. ತಿರುಗುವಾಗ ಅದಕ್ಕೆ ಸಿಕ್ಕಿದರೆ ಜೀವವೇ ಹೋದೀತು. ಅದಕ್ಕೇ ಮೇಸ್ತ್ರಿ ಪೇಟೆಗೆ ಹೋಗಿ, ಒಂದೊಂದು ಅಕ್ಷರಕ್ಕೆ ಒಂದೊಂದು ತಗಡಿನಂತೆ ಅಚ್ಚು ಕೊರೆಸಿಕೊಂಡು ಬಂದ. ತಗಡನ್ನು ಗೋಡೆಗೆ ಒತ್ತಿ ಹಿಡಿದು ಬಣ್ಣ ಬಳಿದರೆ ಆಯಿತು, ಅಕ್ಷರ ಮೂಡುತ್ತದೆ. ಮೂಟೆಗಳ ಮೇಲೆ ನೀವೂ ನೋಡಿರುತ್ತೀರಿ. ದಪ್ಪ ದಪ್ಪ ಅಕ್ಷರ, ಬಳುಕಿಲ್ಲ, ಬಿನ್ನಾಣವಿಲ್ಲ, ನಡುನಡುವೆ ಸಣ್ಣ ಬಿರುಕು. ಕೊರೆಯುವಾಗ ಅಲ್ಲಿ ಅಷ್ಟು ತಗಡನ್ನು ಕೊಂಡಿಯಂತೆ ಉಳಿಸದಿದ್ದರೆ ಅಕ್ಷರದ ಹೊಟ್ಟೆಯೊಳಗಿನ ತಗಡು ಕಳಚಿ ಬಿದ್ದೇ ಹೋಗುತ್ತದೆ.

ಬೆಲ್ಟಿನ ಪಕ್ಕದ ಗೋಡೆಗೆ ಕೆಂಪು ಬಣ್ಣದಲ್ಲಿ ಬರೆದ: ‘ಅಪಾಯ. ಹತ್ತಿರ ಬರಬೇಡಿ.’ ಜನ ಅದನ್ನು ಕಂಡು ಮಾರು ದೂರ ಸರಿದು ನಡೆದರು. ಮೇಸ್ತ್ರಿಗೆ ಎಷ್ಟು ಸಮಾಧಾನವಾಯಿತೆಂದರೆ, ತಗಡುಗಳನ್ನು ಕೆಳಗಿಡುವ ಮನಸ್ಸೇ ಬರಲಿಲ್ಲ. ನೀರಿನ ಹಂಡೆಗೆ ‘ಚೆಲ್ಲಬೇಡಿ’ ಎಂದು ಬರೆದ. ಕಟ್ಟೆಗೆ ‘ಹರಟೆ ಬೇಡ’, ಪೊರಕೆಯ ಮೂಲೆಗೆ ‘ಇಲ್ಲೇ ಇಡಿ’. ಕೊನೆಗೆ ಚಹಾದ ಲೋಟವನ್ನೂ ಬಿಡಲಿಲ್ಲ ಮಹಾರಾಯ. ಎಲ್ಲಾ ಅದೇ ಕೆಂಪು, ಅದೇ ದಪ್ಪ.

ಒಂದು ಮಧ್ಯಾಹ್ನ ಓಬಕ್ಕ ಎಂಬ ಕೆಲಸದಾಕೆ ಚೆಲ್ಲಿದ ಶೇಂಗಾ ಬಾಚಲು ಬೆಲ್ಟಿನ ಬುಡದಲ್ಲೇ ಬಗ್ಗಿದಳು. ಸೆರಗು ಬೆಲ್ಟಿಗೆ ಸಿಕ್ಕಿತು. ಮೇಸ್ತ್ರಿ ಓಡಿ ಹೋಗಿ ಸ್ವಿಚ್ಚು ಆರಿಸಿದ. ಸೆರಗು ಹರಿಯಿತು, ಭುಜ ತರಚಿತು, ಜೀವ ಉಳಿಯಿತು.

ಮೇಸ್ತ್ರಿ ಅವಳನ್ನು ಎಬ್ಬಿಸಿ ಕೂರಿಸಿದ. ಸಿಟ್ಟೂ ಬಂತು. “ಇಷ್ಟು ದಪ್ಪಕ್ಕೆ ಬರೆದೀನಲ್ಲಮ್ಮ, ಕಣ್ಣಿಗೆ ಕಾಣಲ್ವಾ?”

“ಕಾಣ್ತದಣ್ಣ,” ಅಂದಳು ಓಬಕ್ಕ, ಇನ್ನೂ ಏದುಸಿರು ಬಿಡುತ್ತಾ. “ಲೋಟದ ಮೇಲೂ ಹಂಗೇ ಕಾಣ್ತದೆ, ಪೊರಕೆ ಮೂಲೇಲೂ ಹಂಗೇ ಕಾಣ್ತದೆ. ಬೆಳಗ್ಗಿಂದ ಎಲ್ಲಾ ಗೋಡೆನೂ ಗದರ್ತಾ ಇದ್ರೆ ಯಾವುದಕ್ಕೆ ಅಂತ ಹೆದರ್ಲಿ?”

ಮೇಸ್ತ್ರಿ ಸುತ್ತ ನೋಡಿದ. ಹೌದಲ್ಲ, ತನ್ನ ಒಂದು ಒಳ್ಳೆಯ ಮಾತನ್ನು ತಾನೇ ಇಷ್ಟು ಮಾತುಗಳಡಿ ಹೂತುಹಾಕಿದ್ದ. ಅವನಿಗೆ ಅಳುವೇ ಬಂದಂತಾಯಿತು.

ಮರುದಿನ ಸುಣ್ಣ ಕಲಸಿಕೊಂಡು ತಾನೇ ಬಳಿಯಲು ನಿಂತ. ಲೋಟವನ್ನು ಕುಳಿತು ಉಜ್ಜಿದ. ಬೆಲ್ಟಿನ ಪಕ್ಕದ್ದೊಂದನ್ನು ಮಾತ್ರ ಉಳಿಸಿದ.

“ಕಟ್ಟೆ ಮೇಲಿಂದೂ ಹೋಯ್ತಲ್ಲಣ್ಣ, ಇನ್ನು ಹರಟೆ ಹೊಡೀಬೋದಾ?” ಎಂದು ಓಬಕ್ಕ ರೇಗಿಸಿದಳು.

“ಹೊಡ್ಕೊಳ್ರಮ್ಮ, ಅಲ್ಲೇ ದೂರದಲ್ಲಿ ಕೂತ್ಕೊಂಡು.”

ಅವಳು ನಗುತ್ತಾ ಬುಟ್ಟಿ ಎತ್ತಿಕೊಂಡು ಯಂತ್ರದ ಕಡೆ ನಡೆದಳು. ಬಿಳಿ ಗೋಡೆಯ ಮೇಲೆ ಆ ಕೆಂಪು ಅಕ್ಷರ ಕಂಡದ್ದೇ ಕಾಲು ತಾನಾಗಿ ನಿಂತಿತು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ದೂರದಿಂದ ಸುತ್ತಿ ಹೋದಳು.

ನೀತಿ: ಪ್ರೀತಿಯಿಂದಲೇ ಆದರೂ ಎಲ್ಲದಕ್ಕೂ ಗದರಬೇಡಿ. ದೊಡ್ಡ ದನಿಯನ್ನು ದೊಡ್ಡ ಅಪಾಯಕ್ಕೆಂದು ಎತ್ತಿಟ್ಟರೆ, ಬೇಕಾದ ದಿನ ಅದು ಒಂದು ಜೀವ ಉಳಿಸುತ್ತದೆ.